ಬಾರಕೂರಿನಿಂದ ಮಾಲ್ದೀವಿಗೆ

ಭೂಪಟವೊಂದನ್ನು ಎದುರಿಗೆ ಹರಡಿಕೊಂಡು ಕುಂದಾಪುರದ ಮೇಲೆ ಬೆರಳಿಡಿ. ಅಲ್ಲಿಂದ ಬೆರಳನ್ನು ಹೆಚ್ಚು ಕಡಮೆ ನೇರವಾಗಿ ತೆಂಕಣಕ್ಕೆ, ನೀರಿನ ಮೇಲೆಯೇ ಸರಿಸುತ್ತ ಹೋಗಿ. ಕರಾವಳಿ ಎಡಗಡೆಗೆ ವಾಲಿ ದೂರವಾಗುತ್ತದೆ; ಲಕ್ಷದ್ವೀಪಗಳು ಬಲಗಡೆಗೆ ಉಳಿಯುತ್ತವೆ. ಸುಮಾರು ಏಳುನೂರ ಐವತ್ತು ಕಿಲೋಮೀಟರು ದಾಟಿದ ಮೇಲೆ ಸಾಸಿವೆ ಕಾಳು ಚೆಲ್ಲಿದಂತೆ ಚುಕ್ಕೆಗಳ ಸಾಲೊಂದು ಬೆರಳಿಗೆ ಸಿಗುತ್ತದೆ. ಅದೇ ಮಾಲ್ದೀವು. ದೆಹಲಿಗಿಂತ ಅದು ನಮಗೆ ಸಮೀಪ. ಆದರೂ ನಮ್ಮ ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ಅದರ ಹೆಸರು ಬರುವುದು ಅಪರೂಪ. ನಮ್ಮ ಊರಿನ ಚರಿತ್ರೆಗೂ ಆ ದ್ವೀಪಗಳ ಚರಿತ್ರೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಪ್ರಶ್ನೆಗೆ ಉತ್ತರವನ್ನು ಆರುನೂರ ಎಂಬತ್ತು ವರ್ಷಗಳ ಹಿಂದಿನ ಒಬ್ಬ ದಾರಿಹೋಕನಿಂದಲೇ ಪಡೆಯೋಣ.

ಅವನ ಹೆಸರು ಇಬ್ನ್ ಬತೂತ. ಹುಟ್ಟಿದ್ದು ಆಫ್ರಿಕದ ವಾಯವ್ಯ ಮೂಲೆಯ ಮೊರೊಕ್ಕೊ ದೇಶದಲ್ಲಿ. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿ ನ್ಯಾಯಾಧೀಶನಾಗಿದ್ದು, ಚೀನಕ್ಕೆ ಸುಲ್ತಾನನ ದೂತನಾಗಿ ಹೊರಟವನು 1342ರ ಸುಮಾರಿಗೆ ನಮ್ಮ ಕರಾವಳಿಯಲ್ಲಿ ಹಾದುಹೋದನು. ಹೊನ್ನಾವರವನ್ನು ಬಿಟ್ಟ ಮೇಲೆ ಅವನಿಗೆ ಸಿಕ್ಕ ಮೊದಲ ಪಟ್ಟಣವನ್ನು ‘ಅಬೂ ಸರೂರ್’ ಎಂದು ಬರೆದಿದ್ದಾನೆ. ಅದು ಇಂದಿನ ಕುಂದಾಪುರ ತಾಲೂಕಿನ ಬಸರೂರು. ದೊಡ್ಡ ಅಳಿವೆಯ ದಡದಲ್ಲಿರುವ ಚಿಕ್ಕ ಊರು, ತೆಂಗಿನ ಮರಗಳು ವಿಪುಲ ಎಂದು ಅವನ ವರ್ಣನೆ. ಅಲ್ಲಿಂದ ಎರಡು ದಿನಗಳ ಮೇಲೆ ಅವನು ‘ಫಾಕನೂರ್’ ಸೇರಿದನು. ಅದು ಬ್ರಹ್ಮಾವರ ತಾಲೂಕಿನ ಬಾರಕೂರು: ಆಳುಪರ ರಾಜಧಾನಿಯಾಗಿದ್ದು, ಮುಂದೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾದ ಊರು. ಅಲ್ಲಿಯ ಕಬ್ಬಿನಂಥ ಕಬ್ಬು ಆ ಸೀಮೆಯಲ್ಲೇ ಇಲ್ಲವೆಂದು ಅವನು ಹೊಗಳುತ್ತಾನೆ. ಅಲ್ಲಿಯ ದೊರೆಯನ್ನು ‘ಬಾಸದೇವ’ ಎಂದು ಕರೆಯುತ್ತಾನೆ; ವಾಸುದೇವ ಎಂಬ ಹೆಸರು ಅರಬ್ಬೀ ನಾಲಗೆಯಲ್ಲಿ ಹಾಗೆ ತಿರುಗಿರಬೇಕು. ಆ ದೊರೆಗೆ ಸುಮಾರು ಮೂವತ್ತು ಯುದ್ಧನಾವೆಗಳಿದ್ದವು. ಹಾದುಹೋಗುವ ಪ್ರತಿಯೊಂದು ಹಡಗೂ ಬಂದರಿನಲ್ಲಿ ಲಂಗರು ಹಾಕಿ ದೊರೆಗೆ ಕಾಣಿಕೆ ಒಪ್ಪಿಸಬೇಕು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ತಪ್ಪಿಸಿಕೊಂಡು ಹೋದವರನ್ನು ಬೆನ್ನಟ್ಟಿ ಹಿಡಿದು ತಂದು ಇಮ್ಮಡಿ ವಸೂಲು ಮಾಡುತ್ತಿದ್ದರಂತೆ. ಇಂದು ಸೀತಾನದಿಯ ದಂಡೆಯಲ್ಲಿ ಮೌನವಾಗಿ ನಿಂತಿರುವ ಬಾರಕೂರಿನ ಕೋಟೆಯ ಅವಶೇಷಗಳನ್ನೂ ಬಸದಿ ದೇಗುಲಗಳನ್ನೂ ನೋಡುವವರು, ಈ ಊರು ಒಂದು ಕಾಲಕ್ಕೆ ಕಡಲಿನ ಮೇಲೆ ಸುಂಕ ಎತ್ತುತ್ತಿದ್ದ ಊರೆಂಬುದನ್ನು ಮರೆಯಬಾರದು.

ಚೀನದ ಹಡಗು ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದುಹೋದ ಮೇಲೆ, ನೆಲೆ ತಪ್ಪಿದ ಆ ಪ್ರವಾಸಿ ಕೊನೆಗೆ ಮಾಲ್ದೀವಿನ ಕಡೆಗೆ ಹೊರಟನು. 1343ರ ಕೊನೆಯ ಹೊತ್ತಿಗೆ ಅಲ್ಲಿ ಸೇರಿ, ಅಲ್ಲಿಯೂ ನ್ಯಾಯಾಧೀಶನಾದನು. ಬಸರೂರು, ಬಾರಕೂರುಗಳನ್ನು ಕಂಡ ಕಣ್ಣೇ ಆ ದ್ವೀಪಗಳನ್ನೂ ಕಂಡಿತು. ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನಮಗೆ ಲಭಿಸಿದೆ.

ಮೊದಲು ನೆಲದ ವಿಚಾರ. ನಮ್ಮ ಕಡೆಯವರಿಗೆ ದ್ವೀಪವೆಂದರೆ ಕುದುರು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕೂಡಿ ಸಮುದ್ರ ಸೇರುವಲ್ಲಿ ಉಪ್ಪಿನಕುದ್ರು, ಹಟ್ಟಿಕುದ್ರು, ಕನ್ನಡಕುದ್ರು, ಬಬ್ಬುಕುದ್ರುಗಳಂತಹ ನಡುಗಡ್ಡೆಗಳಿವೆ. ಇವು ಘಟ್ಟದ ಮಣ್ಣಿನಿಂದ ಆದವು. ಮಳೆಗಾಲದ ಹೊಳೆ ಹೊತ್ತು ತಂದ ಮೆಕ್ಕಲು ನಿಂತು ನೆಲವಾದದ್ದು. ಮಾಲ್ದೀವಿಗೆ ಘಟ್ಟವಿಲ್ಲ, ಹೊಳೆಯಿಲ್ಲ. ಅಲ್ಲಿಯ ನೆಲವನ್ನು ಕಟ್ಟಿದ್ದು ಹವಳದ ಹುಳು. ಸಮುದ್ರದಲ್ಲಿ ಮುಳುಗಿದ ಪರ್ವತಶ್ರೇಣಿಯ ನೆತ್ತಿಯ ಮೇಲೆ ಹವಳ ಬೆಳೆದು, ಬಳೆಯಾಕಾರದ ದಿಣ್ಣೆಗಳಾಗಿ, ಆ ಬಳೆಯ ಮೇಲೆ ಮರಳು ನಿಂತು ದ್ವೀಪಗಳಾದವು. ಇಂಥ ಹವಳದ ಬಳೆಗೆ ಜಗತ್ತೆಲ್ಲ ಇಂದು ಬಳಸುವ ‘ಅಟಾಲ್’ ಎಂಬ ಶಬ್ದ ಮಾಲ್ದೀವಿನವರ ಭಾಷೆಯಿಂದಲೇ ಬಂದದ್ದು. ಉತ್ತರ ದಕ್ಷಿಣವಾಗಿ ಎಂಟು ನೂರು ಕಿಲೋಮೀಟರಿಗೂ ಉದ್ದಕ್ಕೆ ಹರಡಿದ ಸುಮಾರು 1190 ದ್ವೀಪಗಳಲ್ಲಿ ಜನವಸತಿಯಿರುವವು ಇನ್ನೂರಕ್ಕಿಂತ ಕಡಮೆ. ಎಲ್ಲ ಸೇರಿಸಿದರೂ ನೆಲ 300 ಚದರ ಕಿಲೋಮೀಟರಷ್ಟೆ. ನಮ್ಮ ಉಡುಪಿ ಜಿಲ್ಲೆಯ ಹತ್ತನೆಯ ಒಂದು ಪಾಲೂ ಇಲ್ಲ. ಅತ್ಯಂತ ಎತ್ತರದ ಜಾಗ ಸಮುದ್ರಮಟ್ಟದಿಂದ ಎರಡೂವರೆ ಮೀಟರನ್ನೂ ಮುಟ್ಟುವುದಿಲ್ಲ. ನಮ್ಮ ತೆಂಗಿನ ಮರದ ಬುಡದಿಂದ ಸ್ವಲ್ಪ ಮೇಲಕ್ಕೆ, ಅಷ್ಟೆ. ಅಷ್ಟು ನೆಲದ ಮೇಲೆ ಐದು ಲಕ್ಷಕ್ಕೂ ಮಿಕ್ಕಿದ ಜನ ಬಾಳುತ್ತಿದ್ದಾರೆ.

ಆ ಜನ ತಮ್ಮ ನಾಡನ್ನು ‘ದಿವೆಹಿ ರಾಜ್ಜೆ’ ಎನ್ನುತ್ತಾರೆ. ದ್ವೀಪ, ರಾಜ್ಯ ಎಂಬ ನಮ್ಮ ಪರಿಚಿತ ಶಬ್ದಗಳೇ ಅಲ್ಲಿ ವೇಷ ಬದಲಿಸಿ ನಿಂತಿವೆ. ಅವರ ದಿವೆಹಿ ಭಾಷೆ ಸಿಂಹಳಕ್ಕೆ ತೀರ ಹತ್ತಿರದ್ದು. ಕೊಂಕಣಿಗೂ ದೂರದ ನೆಂಟು. ಗಂಗೊಳ್ಳಿಯ ಖಾರ್ವಿಯೊಬ್ಬ ಮೂರಕ್ಕೆ ‘ತೀನ’ ಎಂದರೆ ಮಾಲ್ದೀವಿನ ಬೆಸ್ತ ‘ತಿನ್’ ಎನ್ನುತ್ತಾನೆ. ಲಿಪಿ ಮಾತ್ರ ವಿಶಿಷ್ಟ. ‘ತಾನ’ ಎಂಬ ಆ ಲಿಪಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರ ಮೊದಲ ಒಂಬತ್ತು ಅಕ್ಷರಗಳು ಅರಬ್ಬೀ ಅಂಕಿಗಳಿಂದಲೂ ಮುಂದಿನ ಒಂಬತ್ತು ಹಳೆಯ ನಾಡ ಅಂಕಿಗಳಿಂದಲೂ ಹುಟ್ಟಿದವು. ಇದಕ್ಕೂ ಹಿಂದೆ ಆ ಜನ ಬೌದ್ಧರಾಗಿದ್ದರು. ಅವರ ಸ್ತೂಪಗಳ ಬುನಾದಿಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. 1153ರಲ್ಲಿ ರಾಜನು ಇಸ್ಲಾಮನ್ನು ಸ್ವೀಕರಿಸಿದನು. ಆ ಬದಲಾವಣೆಯ ಕಾಲದ ವೃತ್ತಾಂತವನ್ನು 12ನೆಯ ಶತಮಾನದ ಕೊನೆಯ ತಾಮ್ರಶಾಸನಗಳು ಹೇಳುತ್ತವೆ. ಕಲ್ಲಿಲ್ಲದ ನಾಡು ತನ್ನ ಚರಿತ್ರೆಯನ್ನು ತಾಮ್ರದಲ್ಲಿ ಕೊರೆಯಿತು. ಕಲ್ಲು ಹೇರಳವಾದ ಬಾರಕೂರು, ಬಸರೂರುಗಳು ಶಿಲೆಯಲ್ಲಿ ಕೊರೆದವು.

ಇಬ್ನ್ ಬತೂತ ಅಲ್ಲಿಗೆ ಹೋದಾಗ ಸಿಂಹಾಸನದಲ್ಲಿದ್ದವಳು ಖದೀಜಾ ಎಂಬ ರಾಣಿ. ರಾಜಾಜ್ಞೆಗಳನ್ನು ಬಾಗಿದ ಕಬ್ಬಿಣದ ಮೊನೆಯಿಂದ ತಾಳೆಯೋಲೆಯ ಮೇಲೆ ಬರೆಯುತ್ತಿದ್ದರು. ಕಂಠದಿಂದ ಓಲೆಗರಿ ಬರೆದ ನಮ್ಮ ಹಿರಿಯರು ಅದನ್ನು ಕಂಡಿದ್ದರೆ ತಮ್ಮ ಮನೆಯೆಂದೇ ತಿಳಿಯುತ್ತಿದ್ದರೇನೋ. ಜನ ಬಹಳ ಶುಚಿ, ದಿನಕ್ಕೆ ಎರಡು ಬಾರಿ ಮೀಯುತ್ತಾರೆ ಎಂದು ಅವನು ಮೆಚ್ಚುತ್ತಾನೆ. ಹೆಂಗಸರು ಸೊಂಟದ ಮೇಲೆ ಬಟ್ಟೆ ಹೊದೆಯುವುದಿಲ್ಲವೆಂದು ಬೇಸರಪಟ್ಟು, ನ್ಯಾಯಾಧೀಶನ ಅಧಿಕಾರದಿಂದ ಅದನ್ನು ತಿದ್ದಲು ಹೋಗಿ ಸೋತದ್ದನ್ನೂ ಬಚ್ಚಿಡದೆ ಹೇಳುತ್ತಾನೆ. ಹೊರಗಿನಿಂದ ಬಂದ ಪಂಡಿತನ ಕಟ್ಟಳೆಗಿಂತ ನಾಡಿನ ರೂಢಿ ಗಟ್ಟಿಯಾಗಿತ್ತು.

ಇನ್ನು ಮುಖ್ಯವಾದ ವಿಚಾರ ಹೊಟ್ಟೆಯದು. ಮಾಲ್ದೀವಿನ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ತೆಂಗು ಇದೆ, ಮೀನು ಇದೆ. ಅನ್ನ ಮಾತ್ರ ಹೊರಗಿನಿಂದಲೇ ಬರಬೇಕು. ಅದಕ್ಕೆ ಬದಲಾಗಿ ಅವರು ಕೊಡುತ್ತಿದ್ದುದು ಮೂರು ವಸ್ತು. ಒಂದು ಕವಡೆ. ನಮ್ಮ ಮನೆಗಳಲ್ಲಿ ಚೌಕಾಬಾರಕ್ಕೆ ಉರುಳುವ, ಜೋಯಿಸರ ಮಣೆಯ ಮೇಲೆ ಬೀಳುವ ಕವಡೆಯೇ ಅಲ್ಲಿಯ ನಾಣ್ಯ. ನಾಲ್ಕು ಲಕ್ಷ ಕವಡೆಗೆ ಒಂದು ಚಿನ್ನದ ದಿನಾರಿನಂತೆ ಮಾರಾಟವಾಗುತ್ತಿತ್ತು. ಬಂಗಾಳದವರು ಅದನ್ನು ಕೊಂಡು ಅಕ್ಕಿ ಕೊಡುತ್ತಿದ್ದರು. ಎರಡನೆಯದು ಕತ್ತದ ಹಗ್ಗ. ತೆಂಗಿನ ಸಿಪ್ಪೆಯನ್ನು ದಡದ ಗುಂಡಿಯಲ್ಲಿ ಕೊಳೆಹಾಕಿ, ಬಡಿದು, ಹೆಂಗಸರು ಹುರಿ ಮಾಡುತ್ತಿದ್ದರು. ಆ ಹುರಿಯಿಂದ ಹಡಗಿನ ಹಲಗೆಗಳನ್ನು ಹೊಲಿಯುತ್ತಿದ್ದರು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ಉಳಿಯುತ್ತದೆ ಎಂಬುದು ಆ ಕಾಲದ ನಾವಿಕರ ಅನುಭವ. ಮೂರನೆಯದು ಬೇಯಿಸಿ, ಹೊಗೆಯಾಡಿಸಿ, ಮರದ ತುಂಡಿನಂತೆ ಒಣಗಿಸಿದ ಮೀನು.

ಇತ್ತ ನಮ್ಮ ಕರಾವಳಿಯಲ್ಲಿ ಭತ್ತವೇ ಸಂಪತ್ತು. 16ನೆಯ ಶತಮಾನದ ಮೊದಲಲ್ಲಿ ಬಂದ ಪೋರ್ತುಗೀಸ ಬರಹಗಾರ ದುವಾರ್ತೆ ಬಾರ್ಬೋಸ, ಬಾರಕೂರು ಬಸರೂರುಗಳಿಂದ ಒಳ್ಳೆಯ ಅಕ್ಕಿಯನ್ನು ತುಂಬಿಕೊಂಡು ಹೋಗಲು ಮಲಬಾರಿನಿಂದಲೂ ಪರದೇಶಗಳಿಂದಲೂ ಬರುತ್ತಿದ್ದ ಹಡಗುಗಳನ್ನು ಹೆಸರಿಸುತ್ತಾನೆ. ಬಸರೂರಿನ ಪಡುಕೇರಿ, ಮೂಡುಕೇರಿಗಳ ಸೆಟ್ಟಿಕಾರರು, ಬಾರಕೂರಿನ ಹಂಜಮಾನದ ಪರದೇಶಿ ವರ್ತಕರು ಶಾಸನಗಳಲ್ಲಿ ಕಾಣಸಿಗುತ್ತಾರೆ. ಇಂದಿನ ಬೈಂದೂರು ತಾಲೂಕಿನ ಶಿರೂರಿನಲ್ಲಿ ‘ನಾಖುದಾ’ ಎಂಬ ಸಮುದಾಯವೇ ಇದೆ. ಆ ಶಬ್ದದ ಅರ್ಥ ಹಡಗಿನ ಯಜಮಾನ. ಅಕ್ಕಿಗೂ ತೆಂಗಿನ ನಾರಿಗೂ ನಡೆದ ಈ ವಿನಿಮಯ ತೀರ ಈಚಿನವರೆಗೂ ಉಳಿದಿತ್ತು. ಲಕ್ಷದ್ವೀಪಗಳ ಪೈಕಿ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮೀನ್‌ದೀವಿ ದ್ವೀಪಗಳು 1787ರಲ್ಲಿ ಟಿಪ್ಪುವಿನ ಕೈಗೆ ಬಂದು, 1799ರ ಅನಂತರ ಬ್ರಿಟಿಷರ ಕೆನರಾ ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ಕಲೆಕ್ಟರರ ಆಡಳಿತದಲ್ಲೇ ಇದ್ದವು. ಅಲ್ಲಿಯವರು ಹಗ್ಗ ತಂದು ಮಂಗಳೂರಿನಲ್ಲಿ ಅಕ್ಕಿ ಕೊಂಡೊಯ್ಯುತ್ತಿದ್ದರು. ಅದೇ ಲಕ್ಷದ್ವೀಪದ ತೆಂಕಣ ತುದಿಯ ಮಿನಿಕಾಯ್ ದ್ವೀಪದಲ್ಲಿ ಇಂದಿಗೂ ಮನೆಮಾತು ಮಾಲ್ದೀವಿನ ಭಾಷೆಯೇ.

ಒಂದೇ ಕಡಲಿನವರಿಗೆ ಒಂದೇ ಕಾಲಕ್ಕೆ ಒಂದೇ ಆಪತ್ತು ಬಂದದ್ದೂ ಉಂಟು. ಪೋರ್ತುಗೀಸರು 1558ರಲ್ಲಿ ಮಾಲ್ದೀವಿನ ರಾಜಧಾನಿ ಮಾಲೆಯನ್ನು ಹಿಡಿದರು. 1569ರಲ್ಲಿ ಬಸರೂರಿನ ಮೇಲೆ ಬಿದ್ದರು. ದ್ವೀಪದವರು ಮಹಮ್ಮದ್ ತಕುರುಫಾನು ಎಂಬ ನಾಯಕನ ಹಿಂದೆ ರಾತ್ರಿಯ ದೋಣಿಯುದ್ಧ ಹೂಡಿ 1573ರಲ್ಲಿ ಅವರನ್ನು ಓಡಿಸಿದರು. ನಮ್ಮ ಹೊಳೆಯ ಬಾಯಲ್ಲಿ ಕುಳಿತ ಪೋರ್ತುಗೀಸರನ್ನು ಎಬ್ಬಿಸಲು ಕೆಳದಿಯ ಶಿವಪ್ಪ ನಾಯಕನ ಕಾಲ, ಎಂದರೆ 1650ರ ದಶಕ ಬರಬೇಕಾಯಿತು. 1665ರ ಫೆಬ್ರವರಿಯಲ್ಲಿ ಶಿವಾಜಿಯೇ ಹಡಗುಪಡೆಯೊಂದಿಗೆ ಬಂದು ಬಸರೂರನ್ನು ಸೂರೆಮಾಡಿದನು. ಸೂರೆಮಾಡಲು ಯೋಗ್ಯವಾದ ಸಿರಿ ಆಗಲೂ ಅಲ್ಲಿತ್ತೆಂದು ಇದರಿಂದ ತಿಳಿಯುತ್ತದೆ. ಮುಂದೆ ಹಡಗುಗಳು ದೊಡ್ಡವಾದವು, ವ್ಯಾಪಾರ ಬೇರೆ ಬಂದರುಗಳ ಪಾಲಾಯಿತು, ಬಸರೂರು ಹಳ್ಳಿಯಾಯಿತು. ಮಾಲ್ದೀವು 1887ರಿಂದ ಬ್ರಿಟಿಷರ ರಕ್ಷಣೆಯಲ್ಲಿದ್ದು, 1965ರ ಜುಲೈ 26ರಂದು ಸ್ವತಂತ್ರವಾಗಿ, 1968ರಲ್ಲಿ ಗಣರಾಜ್ಯವಾಯಿತು.

ಹಳೆಯ ಮಾತು ಇಷ್ಟಾಯಿತು. ಆದರೆ ಚರಿತ್ರೆಯನ್ನು ಓದುವುದು ಬರಿಯ ಕುತೂಹಲಕ್ಕಲ್ಲ. ಎರಡು ಸಂಗತಿಗಳನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ನನ್ನ ಅರಿಕೆ.

ಮೊದಲನೆಯದು ಮೀನಿನದು. ಮಾಲ್ದೀವಿನವರು ಕೇದರ ಮೀನನ್ನು ಇಂದಿಗೂ ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಆ ಮೀನಿಗೆ ಬಲೆ ಬೀಸುವುದನ್ನು ಅವರ ಕಾನೂನು ನಿಷೇಧಿಸಿದೆ. ನಮ್ಮಲ್ಲಿ ಹತ್ತಾರು ಜನ ಕೂಡಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯಿತ್ತು. ಕೇರಿಗೆ ಕೇರಿಯೇ ಹಗ್ಗ ಹಿಡಿಯುತ್ತಿತ್ತು, ಕೇರಿಗೆ ಕೇರಿಯೇ ಪಾಲು ಪಡೆಯುತ್ತಿತ್ತು. 1970ರ ದಶಕದಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಮರೆಯಾಯಿತು. ಯಂತ್ರ ಬೇಡವೆಂದು ಹೇಳುವುದು ಸುಲಭ. ಅದರಿಂದ ಹಲವು ಮನೆಗಳ ಒಲೆ ಉರಿದದ್ದೂ ಸತ್ಯವೇ. ಆದರೆ ಬಂಗುಡೆ, ಬೂತಾಯಿಗಳು ಕೈಕೊಟ್ಟ ವರ್ಷಗಳಲ್ಲಿ ನಮ್ಮ ಮೊಗವೀರರೂ ಖಾರ್ವಿಗಳೂ ಪಡುವ ಪಾಡನ್ನು ಕಂಡವರು, ನಾಳೆಗೆ ಉಳಿಸಿ ಹಿಡಿಯುವ ನೆರೆಯವರ ಪದ್ಧತಿಯನ್ನು ಒಮ್ಮೆಯಾದರೂ ಯೋಚಿಸಬೇಕು.

ಎರಡನೆಯದು ನೀರಿನದು. ಸುತ್ತ ನೀರಿದ್ದೂ ಕುಡಿಯಲು ನೀರಿಲ್ಲದ ಕಷ್ಟ ಕುದುರಿನವರಿಗೆ ಹೊಸದಲ್ಲ. ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆ. ಮಾಲ್ದೀವಿನಲ್ಲಿ ಮರಳಿನಡಿ ಮಳೆನೀರಿನ ತೆಳ್ಳನೆಯ ಪದರವೊಂದಿದೆ. ಅದೇ ಅವರ ಬಾವಿ. 2004ರ ಡಿಸೆಂಬರ್ 26ರ ಸುನಾಮಿ ಅನೇಕ ದ್ವೀಪಗಳಲ್ಲಿ ಆ ಪದರವನ್ನು ಕೆಡಿಸಿತು. 2014ರ ಡಿಸೆಂಬರಿನಲ್ಲಿ ಮಾಲೆಯ ಉಪ್ಪುನೀರು ಶುದ್ಧೀಕರಿಸುವ ಸ್ಥಾವರಕ್ಕೆ ಬೆಂಕಿ ತಗುಲಿದಾಗ, ಭಾರತದಿಂದ ವಿಮಾನಗಳಲ್ಲೂ ನೌಕೆಗಳಲ್ಲೂ ಕುಡಿಯುವ ನೀರು ಹೋಯಿತು. ಒಂದು ಕಾಲಕ್ಕೆ ಈ ದಡ ಕಡಲಿಗೆ ಅಕ್ಕಿ ಕಳಿಸಿತು. ಈಗ ಇದೇ ದೇಶ ನೀರು ಕಳಿಸಿತು. 2009ರಲ್ಲಿ ಮಾಲ್ದೀವಿನ ಮಂತ್ರಿಮಂಡಲ ಸಮುದ್ರದಡಿಯಲ್ಲೇ ಸಭೆ ಸೇರಿದ್ದು ತಮಾಷೆಗಲ್ಲ. ಕಡಲು ಏರುತ್ತಿದೆ, ನಮ್ಮ ನೆಲ ಮುಳುಗೀತು ಎಂದು ಜಗತ್ತಿಗೆ ತಿಳಿಸುವುದಕ್ಕಾಗಿ.

ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯ ಬಳಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ. ನಡುವೆ ರಸ್ತೆಯಷ್ಟೇ ನೆಲ. ಅದನ್ನು ಚೆಲುವಾದ ನೋಟವೆಂದು ನಾವು ಮೆಚ್ಚುತ್ತೇವೆ, ಮೆಚ್ಚತಕ್ಕದ್ದೇ. ಪ್ರತಿ ಮಳೆಗಾಲ ಅಲ್ಲಿ ಕಲ್ಲು ಸುರಿದು ಅಲೆಯನ್ನು ತಡೆಯಬೇಕಾಗಿರುವುದೂ ತಮಗೆ ತಿಳಿದದ್ದೇ. ಮಾಲ್ದೀವಿನವರ ಇಡೀ ದೇಶ ಅಷ್ಟು ಅಗಲದ ನೆಲದ ಮೇಲೆ ನಿಂತಿದೆ. ನಮಗಾದರೆ ಬೆನ್ನ ಹಿಂದೆ ಘಟ್ಟವಿದೆ. ಅವರಿಗೆ ಹಿಂದೆಯೂ ಕಡಲು, ಮುಂದೆಯೂ ಕಡಲು. ಆ ದ್ವೀಪಗಳ ಸುದ್ದಿ ಇನ್ನು ಮುಂದೆ ಬಾನುಲಿಯಲ್ಲಿ ಕಿವಿಗೆ ಬಿದ್ದಾಗ ಅದನ್ನು ದೂರದ ದೇಶದ ಸುದ್ದಿಯೆಂದು ತಾವು ತಳ್ಳಿಬಿಡಬಾರದು. ಅದು ನಮ್ಮ ಹಳೆಯ ಗಿರಾಕಿಯ ಮನೆಯ ಸುದ್ದಿ. ನಮ್ಮ ಅಂಗಳದ ಮುಂದಿನ ಸುದ್ದಿಯೂ ಹೌದು.