ಹಗಲು ದೀಪ: ನರಗುಂದ, ರೋಣ, ಗಜೇಂದ್ರಗಡದ ದಾರಿಯಲ್ಲಿ

ನರಗುಂದ, ರೋಣ, ಗಜೇಂದ್ರಗಡ ಈ ಮೂರು ಊರುಗಳೂ ಭೂಪಟದಲ್ಲಿ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ, ಪಡುವಲಿಂದ ಮೂಡಲಿಗೆ ಸಾಲಾಗಿ ನೆಲೆಸಿರುವುದರಿಂದ, ಅವುಗಳನ್ನು ಕೂಡಿಸುವ ದಾರಿಯು ನಡುನಡುವೆ ಎಷ್ಟೇ ಬಾಗಿದರೂ ಒಟ್ಟಿನಲ್ಲಿ ಸೂರ್ಯನ ಪಥವನ್ನೇ ಅನುಸರಿಸುವುದು. ಮುಂಜಾನೆ ನರಗುಂದವನ್ನು ಬಿಟ್ಟು ಮೂಡಲಿಗೆ ಹೊರಟವನಿಗೆ ಉದಯಿಸುವ ಸೂರ್ಯನೂ, ಸಂಜೆ ಗಜೇಂದ್ರಗಡದಿಂದ ಮರಳುವವನಿಗೆ ಮುಳುಗುವ ಸೂರ್ಯನೂ ಕಣ್ಣಿಗೆ ನೇರವಾಗಿ ಎದುರಾಗುವರು. ಹಗಲಿನಲ್ಲಿ ವಾಹನದ ದೀಪ ಉರಿಯಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಈ ದಾರಿಯ ಮೇಲೆ ನಿಂತು ವಿಚಾರಿಸುವುದಕ್ಕೆ ಅದೇ ಸಾಕಾದ ಕಾರಣ.

ಈ ಸೀಮೆಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಎರೆನೆಲದ ಹತ್ತಿಯನ್ನೂ ಜೋಳವನ್ನೂ ಪೇಟೆಗೆ ಮುಟ್ಟಿಸುತ್ತಿದ್ದುದು ಎತ್ತಿನ ಚಕ್ಕಡಿ. ರಾತ್ರಿಯ ಪಯಣದಲ್ಲಿ ಅಚ್ಚಿನ ಕೆಳಗೆ ಒಂದು ಕಂದೀಲನ್ನು ತೂಗಹಾಕುವುದು ವಾಡಿಕೆಯಾಗಿದ್ದಿತು. ಎತ್ತುಗಳಿಗೆ ದಾರಿ ಗೊತ್ತಿದ್ದುದರಿಂದ ಆ ಮಿಣುಕು ಬೆಳಕು ದಾರಿಯನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ಇಲ್ಲೊಂದು ಬಂಡಿಯಿದೆಯೆಂದು ಎದುರಿನವರಿಗೆ ಸಾರುತ್ತಿದ್ದಿತು. ದೀಪವು ಕಾಣುವುದಕ್ಕಷ್ಟೇ ಅಲ್ಲದೆ ಕಾಣಿಸಿಕೊಳ್ಳುವುದಕ್ಕೂ ಬೇಕೆಂಬ ಅರಿವು ನಮ್ಮ ಒಕ್ಕಲುಮಕ್ಕಳಿಗೆ ಹೊಸದಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕೆನಿಸುತ್ತದೆ.

ಮೋಟಾರು ಬಂದ ಮೇಲೆ ಈ ಅರಿವು ಕೊಂಚ ಹಿಂದೆ ಸರಿಯಿತು. ಮೊದಮೊದಲಿನ ಕಾರುಗಳಲ್ಲಿ ಕಾರ್ಬೈಡಿನ ಹರಳಿನ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟಿದ ಅನಿಲಕ್ಕೆ ಕಡ್ಡಿ ಗೀರಿ ಹೊತ್ತಿಸುವ ದೀಪಗಳಿದ್ದುವು. ಅಂತಹ ತೊಡಕಿನ ದೀಪವನ್ನು ಹಗಲಿನಲ್ಲಿ ಹೊತ್ತಿಸುವ ವಿಚಾರ ಯಾರಿಗೆ ತಾನೆ ಹೊಳೆದೀತು? ಮುಂದೆ ವಿದ್ಯುದ್ದೀಪ ಬಂದರೂ ಬ್ಯಾಟರಿ ಇಳಿದುಹೋಗುವ ಭಯ ತಪ್ಪಲಿಲ್ಲ. 1914ರ, ಅನಂತರ 1939ರ ಮೋಟಾರು ವಾಹನ ಕಾಯಿದೆಗಳು ಆಳಿದ ಆ ದಶಕಗಳಲ್ಲೆಲ್ಲ ದೀಪವೆಂದರೆ ರಾತ್ರಿಯ ಸಾಧನವೆಂಬುದೇ ಜನರ ಭಾವನೆಯಾಗಿದ್ದಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕೂಡ ಸೂರ್ಯಾಸ್ತದ ಅರ್ಧ ಗಂಟೆಯ ಅನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವವರೆಗೆ, ಹಾಗೂ 155 ಮೀಟರು ಮುಂದಿರುವ ಮನುಷ್ಯರೂ ವಾಹನಗಳೂ ಸ್ಪಷ್ಟವಾಗಿ ತೋರುವಷ್ಟು ಬೆಳಕು ಸಾಲದ ಇತರ ಸಮಯಗಳಲ್ಲಿ, ದೀಪ ಉರಿಯುತ್ತಿರಬೇಕೆಂದು ವಿಧಿಸಿದುವು. ಚಾಲಕನು ಇತರರನ್ನು ಕಾಣುವುದೇ ಅಲ್ಲಿ ಅಳತೆಗೋಲು.

ಇದೇ ಕಾಲದಲ್ಲಿ ನಮ್ಮ ದಾರಿಗಳಲ್ಲಿ ಒಂದು ಸೊಗಸಾದ ಪದ್ಧತಿ ಬೆಳೆದುಬಂದಿತು. ಹಗಲಿನಲ್ಲಿ ದೀಪ ಆರಿಸಲು ಮರೆತು ಬರುವವನನ್ನು ಕಂಡರೆ ಎದುರಿನಿಂದ ಬರುವವನು ಕೈ ಮುಂದೆ ಚಾಚಿ, ಐದೂ ಬೆರಳುಗಳನ್ನು ಅರಳಿಸಿ ಮುಚ್ಚಿ, ಮತ್ತೆ ಅರಳಿಸಿ ಮುಚ್ಚಿ ಎಚ್ಚರಿಸುವನು. ಅಪರಿಚಿತನ ಬ್ಯಾಟರಿಯ ಮೇಲೂ ಅಕ್ಕರೆ ತೋರುವ ಈ ಸನ್ನೆಯಲ್ಲಿ ಹಳ್ಳಿಯ ಸೌಜನ್ಯವೆಲ್ಲ ಅಡಗಿದ್ದಿತು.

ಹಗಲು ದೀಪದ ಕಡ್ಡಾಯವು ಹುಟ್ಟಿದ್ದು ಸೂರ್ಯನು ಬಹುಕಾಲ ದಿಗಂತದಂಚಿನಲ್ಲೇ ಸುಳಿಯುವ ಉತ್ತರ ಯುರೋಪಿನಲ್ಲಿ. ಫಿನ್‌ಲ್ಯಾಂಡಿನಲ್ಲಿ 1972ರಲ್ಲಿ ಚಳಿಗಾಲದ ಹೊರದಾರಿಗಳಿಗೆ ಅದು ಮೊದಲಾಯಿತು. ಸ್ವೀಡನ್ 1977ರಲ್ಲಿ ವರ್ಷವಿಡೀ ಅನ್ವಯಿಸಿತು. ಯುರೋಪಿನ ಒಕ್ಕೂಟವು 2011ರಿಂದ ಹೊಸ ಮಾದರಿಯ ಕಾರುಗಳಿಗೆ ಹಗಲು ದೀಪವನ್ನು ವಿಧಿಸಿತು. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ದೀಪವು ಎಂಜಿನ್ನಿನೊಡನೆ ತಾನಾಗಿ ಹೊತ್ತಿಕೊಳ್ಳಬೇಕೆಂದಾಯಿತು. ಆರಿಸುವ ಗುಂಡಿಯೇ ಇಲ್ಲವಾಯಿತು. ಹೊಸ ಬೈಕು ಕೊಂಡವನಿಗೆ ದಾರಿಯುದ್ದಕ್ಕೂ ಬೆರಳುಗಳ ಸನ್ನೆ ಎದುರಾಗುತ್ತಿದ್ದ ಆ ದಿನಗಳು ಓದುಗರ ನೆನಪಿನಲ್ಲಿರಬಹುದು.

ಶೀತದೇಶದ ಮಬ್ಬಿಗೆ ಹುಟ್ಟಿದ ಕಟ್ಟಳೆ ನಮ್ಮ ಉರಿಬಿಸಿಲಿಗೆ ಏಕೆ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಬೆಳಕು ಹೆಚ್ಚಾದಲ್ಲಿಯೂ ಕಣ್ಣು ಸೋಲುವುದೆಂಬುದನ್ನು ನಮ್ಮ ದಾರಿಯೇ ತೋರಿಸಿಕೊಡುವುದು. ಸೂರ್ಯನನ್ನು ಬೆನ್ನಿಗಿಟ್ಟು ಬರುವ ಬೈಕಿನವನಿಗೆ ಎದುರಿನ ಬಸ್ಸು ಹೊಳೆಹೊಳೆದು ತೋರುವುದರಿಂದ, ತಾನೂ ಅದರ ಚಾಲಕನಿಗೆ ಹಾಗೆಯೇ ಕಾಣುತ್ತಿರುವೆನೆಂದು ಅವನು ಬಗೆಯುವನು; ಬಸ್ಸಿನವನಿಗಾದರೋ ಆ ಉಜ್ವಲ ಪ್ರಭೆಯ ನಡುವೆ ಅವನೊಂದು ಕಪ್ಪು ಗೀಟು, ಕೆಲವೊಮ್ಮೆ ಅದೂ ಇಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಡಾಂಬರಿನ ಮೇಲೆ ಹರಡಿದ ರಾಶಿಯ ಹೊಟ್ಟು, ಮೇವು ಹೇರಿದ ಟ್ರ್ಯಾಕ್ಟರು ಎಬ್ಬಿಸುವ ಎರೆಯ ಧೂಳು ಇವೆಲ್ಲ ಕೂಡಿದಾಗ ಮಟಮಟ ಮಧ್ಯಾಹ್ನದಲ್ಲಿಯೂ ಎದುರಿನದು ಮಸುಕಾಗುವುದು. ಗಂಟೆಗೆ 60 ಕಿಲೋಮೀಟರು ವೇಗದ ಎರಡು ವಾಹನಗಳು ಎದುರುಬದುರಾಗಿ ಬರುವಾಗ ನಡುವಣ ಅಂತರವು ಸೆಕೆಂಡಿಗೆ 33 ಮೀಟರಿನಂತೆ ಕರಗುವುದರಿಂದ, ಟ್ರ್ಯಾಕ್ಟರನ್ನು ಹಿಂದೆ ಹಾಕಲು ಬಲಕ್ಕೆ ಸರಿದವನಿಗೆ ಎದುರಿನ ಬೈಕು ಮೂರು ಸೆಕೆಂಡು ಮೊದಲು ಕಂಡರೆ 100 ಮೀಟರು ದೊರೆತಂತೆ. ಅಷ್ಟರಲ್ಲಿ ಒಂದು ಜೀವ ಉಳಿದೀತು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗುರುತರವಾದುದು. ಎಲ್ಲ ವಾಹನಗಳೂ ದೀಪ ಹೊತ್ತಿಸಿದರೆ, ದೀಪವೇ ಇಲ್ಲದ ಚಕ್ಕಡಿ, ಸೈಕಲ್ಲು, ಶಾಲೆಗೆ ನಡೆದು ಹೋಗುವ ಮಕ್ಕಳು ಮತ್ತಷ್ಟು ಮರೆಯಾಗುವರಷ್ಟೆ. ಊರೊಳಗೆ, ಸಂತೆಯ ದಿನ, ಈ ಮಾತು ನಿಜ. ಆದುದರಿಂದ ಪೇಟೆಯ ಬೀದಿಯಲ್ಲಿ ಕಾರು, ಬಸ್ಸುಗಳ ಹಗಲು ದೀಪಕ್ಕೆ ನಾನು ಒತ್ತಾಯಿಸಲಾರೆ. ಊರ ಹೊರಗಿನ ಬಯಲುದಾರಿಯಲ್ಲಿ, ಅದರಲ್ಲಿಯೂ ಬೆಳಗಿನ, ಸಂಜೆಯ ಇಳಿಬಿಸಿಲಿನಲ್ಲಿ, ಅದು ಇರಲೇಬೇಕೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಚಾಲಕ ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಊರು ದಾಟಿದೊಡನೆ ದೀಪ ಹಾಕಿಕೊಳ್ಳಿರಿ, ಅದನ್ನು ಡಿಮ್ಮಿನಲ್ಲಿಯೇ ಇರಿಸಿರಿ, ಧೂಳು ಕವಿದ ಗಾಜನ್ನು ಹೊರಡುವ ಮೊದಲು ಒರೆಸಿರಿ; ಟ್ರ್ಯಾಕ್ಟರುಳ್ಳವರು ಟ್ರೇಲರಿನ ಹಿಂಬದಿಗೆ ಕೆಂಪು ಹೊಳೆಪಟ್ಟಿಯನ್ನು ತಪ್ಪದೆ ಅಂಟಿಸಿರಿ.