ತೊಗರ್ಸಿ ಭಾಗದಲ್ಲಿ ಮನೆ ಕೊಳ್ಳುವ ಮುನ್ನ: ಹಳೇ ಕೇರಿ ಮನೆಯೋ, ಹೊಸ ಸೈಟೋ?

ಶಿಕಾರಿಪುರ: ಶಿವಮೊಗ್ಗಕ್ಕೆ ವಿಮಾನ ಬಂತು, ಶಿಕಾರಿಪುರಕ್ಕೆ ರೈಲು ಬರುತ್ತೆ ಅನ್ನೋ ಮಾತು ಈಗ ತೊಗರ್ಸಿ, ಶಿರಾಳಕೊಪ್ಪ, ಆನವಟ್ಟಿ ಕಡೆಯ ಸೈಟಿನ ರೇಟಿನಲ್ಲೂ ಸೇರಿಕೊಂಡಿದೆ. ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆ ಆಗಿದ್ದು ನಿಜ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗದ ಯೋಜನೆ ಇರುವುದೂ ನಿಜ. ಆದರೆ ಅವೆರಡರ ಹೆಸರಲ್ಲಿ ಇಲ್ಲಿ ಗುಂಟೆಗೆ ಹೆಚ್ಚು ಕೊಡೋದರಲ್ಲಿ ಅರ್ಥವಿಲ್ಲ. ದಿನಾ ಬೇಕಾಗೋದು ಶಿರಾಳಕೊಪ್ಪ ಪೇಟೆಗೆ ಬಸ್ಸು, ಬೇಸಿಗೆಯಲ್ಲೂ ಬರುವ ನಲ್ಲಿ ನೀರು, ಹತ್ತಿರದ ಶಾಲೆ, ಮತ್ತೆ ಯಾರೂ ತಕರಾರು ತೆಗೆಯದ ಕಾಗದಪತ್ರ.

ತೊಗರ್ಸಿಯಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಸುತ್ತಿನ ಹಳೇ ಕೇರಿಗಳಂಥ ಕಡೆ ಮನೆ ಮಾರಾಟಕ್ಕೆ ಬರೋದು ಅಪರೂಪ. ಬಂದರೆ ಬಹುತೇಕ ಅಣ್ಣತಮ್ಮಂದಿರ ಪಾಲಿನಿಂದ, ಇಲ್ಲವೇ ಮಕ್ಕಳು ಶಿವಮೊಗ್ಗ, ಬೆಂಗಳೂರು ಸೇರಿ ಮನೆಗೆ ಬೀಗ ಬಿದ್ದಿದ್ದರಿಂದ. ಇಂಥ ಮನೆಗೆ ರಸ್ತೆ, ಚರಂಡಿ, ಕರೆಂಟು, ನೀರು ಆಗಲೇ ಇರುತ್ತೆ, ಅಕ್ಕಪಕ್ಕದವರು ಯಾರು ಅನ್ನೋದೂ ಗೊತ್ತಿರುತ್ತೆ. ಊರ ಹೊರಗಿನ ಹೊಸ ಸೈಟು ನೋಡಲು ಅಗ್ಗ ಅನ್ನಿಸುತ್ತೆ. ಬೋರು, ಕಾಂಪೌಂಡು, ಕರೆಂಟು ಕಂಬ, ಮಣ್ಣು ಹೇರಿಸಿ ಎತ್ತರ ಮಾಡೋದು, ಎಲ್ಲ ಕೂಡಿಸಿದಾಗ ಆ ಅಗ್ಗ ಎಷ್ಟು ಉಳಿಯುತ್ತೆ ಅನ್ನೋದನ್ನ ಕೊಳ್ಳುವ ಮುಂಚೆಯೇ ಲೆಕ್ಕ ಹಾಕಬೇಕು.

ಮಳೆಗಾಲದಲ್ಲಿ ಒಮ್ಮೆ ನೋಡಿ

ಮನೆ ನೋಡಲು ಒಳ್ಳೇ ಕಾಲ ಅಂದರೆ ಜುಲೈ, ಆಗಸ್ಟ್. ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆ ಏನನ್ನೂ ಹೇಳಲ್ಲ. ನಾಲ್ಕು ದಿನ ಜಡಿಮಳೆ ಹಿಡಿದ ಮೇಲೆ ಹೋದರೆ ಹಂಚು ಎಲ್ಲಿ ಸೋರುತ್ತೆ, ಮಣ್ಣಿನ ಗೋಡೆ ಎಷ್ಟು ಎತ್ತರದವರೆಗೆ ತೇವ ಹಿಡಿದಿದೆ, ಬೀದಿ ನೀರು ಪಡಸಾಲೆಗೆ ನುಗ್ಗುತ್ತಾ ಅನ್ನೋದು ತಾನಾಗೇ ಕಾಣುತ್ತೆ. ತೊಲೆ, ಜಂತಿಗಳನ್ನ ಚಾಕು ಮೊನೆಯಿಂದ ಚುಚ್ಚಿ ನೋಡಬೇಕು. ಗೆದ್ದಲು ತಿಂದ ಮರ ಹೊರಗಿಂದ ಗಟ್ಟಿಯಾಗೇ ಕಾಣುತ್ತೆ.

ಕೆರೆ ಏರಿ ಕೆಳಗಿನ ಜಾಗ ಆದರೆ ಇನ್ನೂ ಹುಷಾರು. ಕೆರೆ ತುಂಬಿದ ವರ್ಷ ಏರಿ ಕೆಳಗೆ ಜೌಗು ಏಳುತ್ತೆ. ಬರದ ವರ್ಷ ನೋಡಿ ಕೊಂಡ ಜಾಗದಲ್ಲಿ ಆಮೇಲೆ ಪಾಯ ತೋಡಿದರೆ ನೀರು ಬರೋದುಂಟು. ಕೆರೆ, ಹಳ್ಳ, ರಾಜಕಾಲುವೆ ಒತ್ತುವರಿ ಆಗಿದೆಯಾ ಅನ್ನೋದನ್ನ ಗ್ರಾಮ ನಕ್ಷೆ ಇಟ್ಟುಕೊಂಡು ಸರ್ವೆಯವರಿಂದ ಅಳತೆ ಮಾಡಿಸಿಯೇ ತಿಳಿಯಬೇಕು. ಮಾರೋರು ಕೈ ತೋರಿಸಿ 'ಅಲ್ಲಿಂದ ಇಲ್ಲಿಗೆ' ಅಂದದ್ದು ಅಳತೆ ಅಲ್ಲ.

ಹಳೇ ಕೇರಿಯಲ್ಲಿ ಇನ್ನೆರಡು ವಿಷಯ ಜಗಳ ತರುತ್ತವೆ: ಎರಡು ಮನೆಗೆ ಸೇರಿದ ಒಂದೇ ಗೋಡೆ, ಮತ್ತು ಹಿತ್ತಲಿಗೆ ಹೋಗುವ ದಾರಿ. ಬಚ್ಚಲ ನೀರು ಯಾರ ಜಾಗದ ಮೇಲೆ ಹರಿಯುತ್ತೆ ಅನ್ನೋದನ್ನೂ ಕೇಳಿ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಇವನ್ನ ಸ್ಪಷ್ಟವಾಗಿ ಬರೆಸೋದು ಒಳ್ಳೇದು.

9, 11ಎ, 11ಬಿ: ಈ ನಂಬರುಗಳ ಅರ್ಥ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಮೊದಲು ಕೇಳಬೇಕಾದ್ದು ಇ-ಸ್ವತ್ತು. ಗ್ರಾಮಠಾಣಾ ಒಳಗಿನ ಮನೆ, ಸರ್ಕಾರಿ ವಸತಿ ಯೋಜನೆಯ ಮನೆ, ಅಥವಾ ಭೂ ಪರಿವರ್ತನೆ ಆಗಿ ನಕ್ಷೆ ಮಂಜೂರಾದ ಬಡಾವಣೆಯ ಸೈಟು ಆದರೆ ನಮೂನೆ 9 ಮತ್ತು 11ಎ ಸಿಗುತ್ತೆ. 11ಬಿ ಅಂದರೆ ಈ ಮಂಜೂರಾತಿಗಳಿಲ್ಲದ ಆಸ್ತಿ. ಕಂದಾಯ ಕಟ್ಟಿಸಿಕೊಳ್ಳುತ್ತಾರೆ ಅಂದಮಾತ್ರಕ್ಕೆ ಎರಡೂ ಒಂದೇ ಆಗಲ್ಲ. 11ಬಿ ಮೇಲೆ ಸಾಲ ಕೊಡಲು ಬಹಳಷ್ಟು ಬ್ಯಾಂಕುಗಳು ಹಿಂಜರಿಯುತ್ತವೆ. ಮುಂದೆ ನೀವು ಮಾರಲು ಹೋದಾಗಲೂ ಇದೇ ಪ್ರಶ್ನೆ ಬರುತ್ತೆ.

ಬರೀ ಪಹಣಿ ತೋರಿಸಿ 'ಒಂದು ಗುಂಟೆ ಜಂಟಿಯಲ್ಲಿ ಹಾಕಿಸಿ ಕೊಡ್ತೀವಿ' ಅನ್ನೋ ವ್ಯಾಪಾರದಿಂದ ದೂರ ಇರೋದೇ ಮೇಲು. ಒಂದು ಗುಂಟೆ 1,089 ಚದರ ಅಡಿ. 30-40ರ ಸೈಟಿಗೆ ಬೇಕಾಗೋದು 1,200. ಅಳತೆ ಸಾಲದು ಅನ್ನೋದಕ್ಕಿಂತ ದೊಡ್ಡ ತೊಂದರೆ ಅಂದರೆ, ನಿಮ್ಮ ಗುಂಟೆ ಆ ಸರ್ವೆ ನಂಬರಿನಲ್ಲಿ ಎಲ್ಲಿದೆ ಅಂತ ಯಾವ ದಾಖಲೆಯೂ ಹೇಳಲ್ಲ. ಕೃಷಿ ಜಮೀನಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪರಿವರ್ತನೆ ಆದೇಶ ನೋಡದೆ ಅಡ್ವಾನ್ಸ್ ಕೊಡಬೇಡಿ.

ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾ ಅನ್ನೋದನ್ನೂ ತಹಶೀಲ್ದಾರ್ ಕಚೇರಿ ದಾಖಲೆಯಲ್ಲಿ ಪರಿಶೀಲಿಸಬೇಕು. ಆ ಕುಟುಂಬಗಳ ಭೂಮಿ ಕೈತಪ್ಪಬಾರದು ಅಂತಲೇ 1978ರ ಕಾಯ್ದೆ ಬಂದಿದ್ದು. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಸಿಂಧು. 2023ರ ತಿದ್ದುಪಡಿ ಆದಮೇಲೆ 'ಎಷ್ಟೋ ವರ್ಷ ಆಯ್ತಲ್ಲ' ಅನ್ನೋ ವಾದ ನೆಚ್ಚಿಕೊಳ್ಳುವಂತಿಲ್ಲ. ಆಶ್ರಯ ಮನೆಗಳ ಹಕ್ಕುಪತ್ರದಲ್ಲೂ ಇಂತಿಷ್ಟು ವರ್ಷ ಮಾರಬಾರದು ಅನ್ನೋ ಷರತ್ತು ಇರುತ್ತೆ. ಅದನ್ನ ಓದದೆ ಬಾಂಡ್ ಪೇಪರ್ ಮೇಲೆ ಕರಾರು ಮಾಡಿಕೊಂಡು ದುಡ್ಡು ಕೊಟ್ಟರೆ ಮನೆ ನಿಮ್ಮದಾಗಲ್ಲ.

ಅಕ್ಕತಂಗಿಯರ ಸಹಿ

ಪಿತ್ರಾರ್ಜಿತ ಮನೆ ಕೊಳ್ಳುವಾಗ ಹೆಚ್ಚಿನವರು ಎಡವೋದು ಇಲ್ಲೇ. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ, ಮದುವೆಯಾಗಿ ಹಾನಗಲ್ಲಿಗೋ ಹಿರೇಕೆರೂರಿಗೋ ಹೋದ ಅಕ್ಕತಂಗಿಯರನ್ನ 'ಅವರದ್ದೇನೂ ಇಲ್ಲ ಬಿಡಿ' ಅಂದುಬಿಡುತ್ತಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪ್ರಕಾರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. ಆ ದಿನ ತಂದೆ ಬದುಕಿರಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾದ ಪಾಲು ಇದ್ದರೆ ಮಾತು ಬೇರೆ.

ಹಾಗಾಗಿ ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿಗೂ ಒಂದೋ ಕ್ರಯಪತ್ರದಲ್ಲಿ ಸಹಿ, ಇಲ್ಲವೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ಅವರಿಗೆ ಏನಾದರೂ ಕೊಡೋದು ಬಿಡೋದು ಆ ಮನೆಯವರ ವಿಷಯ. ಕೊಳ್ಳೋರು ಸಹಿ ಬಿಡಬಾರದು.

ಇದರ ಜೊತೆಗೆ ಋಣಭಾರ ಪತ್ರ. ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚಿನದು ಆನ್‌ಲೈನ್‌ನಲ್ಲೇ ಸಿಗುತ್ತೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. 30 ವರ್ಷದ್ದು ತೆಗೆಸಿದರೆ ನಿಶ್ಚಿಂತೆ. ಸೊಸೈಟಿ ಸಾಲ, ಕೈಸಾಲದ ಅಡಮಾನ ಎಲ್ಲವೂ ಅದರಲ್ಲಿ ಕಾಣಲ್ಲ, ಅದಕ್ಕೆ ಊರಲ್ಲೂ ನಾಲ್ಕು ಜನರನ್ನ ವಿಚಾರಿಸಿ.

ನೋಂದಣಿ ಖರ್ಚು ಎಷ್ಟು?

2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಹಳ್ಳಿಯಲ್ಲಿ 12 ಲಕ್ಷದ ಮನೆ ಅಂತಿಟ್ಟುಕೊಳ್ಳಿ. ಶೇ 5 ಮುದ್ರಾಂಕ ಶುಲ್ಕ 60,000 ರೂ., ಅದರ ಮೇಲೆ ಶೇ 10 ಸೆಸ್ 6,000 ರೂ., ಶೇ 3 ಸರ್ಚಾರ್ಜ್ 1,800 ರೂ., ನೋಂದಣಿ ಶುಲ್ಕ 24,000 ರೂ. ಒಟ್ಟು 91,800 ರೂ. ಪಟ್ಟಣದಲ್ಲಿ ಸರ್ಚಾರ್ಜ್ ಶೇ 2 ಮಾತ್ರ. 20 ಲಕ್ಷದ ಒಳಗಿದ್ದರೆ ಶೇ 2 ಅಷ್ಟೇ ಅಂತ ಕೆಲವರು ಹೇಳ್ತಾರೆ. ಆ ರಿಯಾಯಿತಿ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ, ಹಳ್ಳಿ ಮನೆಗಲ್ಲ. ಮಾರ್ಗಸೂಚಿ ಬೆಲೆ, ಕೊಟ್ಟ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ.

ಮುಂದೆ ಅಂಗಡಿ, ಹಿಂದೆ ಮನೆ

ಬಸ್ಸು ನಿಲ್ಲುವ ಕಡೆ ಮುಂಭಾಗ ಅಂಗಡಿ ಇರುವ ಮನೆಗೆ ಬೇಡಿಕೆ ಜಾಸ್ತಿ. ಅಂಗಡಿಯಲ್ಲಿ ಬಾಡಿಗೆದಾರ ಇದ್ದರೆ ಅವರ ಅಡ್ವಾನ್ಸ್ ಎಷ್ಟು, ಕರಾರು ಯಾವಾಗ ಮುಗಿಯುತ್ತೆ ಅನ್ನೋದನ್ನ ಬಾಡಿಗೆದಾರರನ್ನೇ ನೇರವಾಗಿ ಕೇಳಿ. ಆ ಅಡ್ವಾನ್ಸ್ ವಾಪಸ್ ಕೊಡೋ ಹೊಣೆ ಯಾರದು ಅನ್ನೋದು ಕಾಗದದಲ್ಲಿರಲಿ. ರಸ್ತೆ ಅಗಲೀಕರಣಕ್ಕೆ ಮುಂಭಾಗ ಹೋಗುತ್ತಾ ಅನ್ನೋದನ್ನ ಲೋಕೋಪಯೋಗಿ ಇಲಾಖೆಯಲ್ಲಿ ವಿಚಾರಿಸಬೇಕು, ಅಂಗಡಿ ಹೋದಮೇಲೆ ಆ ಮನೆಗೆ ಅಷ್ಟು ಬೆಲೆ ಇರಲ್ಲ. ಮೆಸ್ಕಾಂ ಮೀಟರ್ ಮನೆಗೂ ಅಂಗಡಿಗೂ ಬೇರೆ ಬೇರೆ ಇರಬೇಕು. ಅಂಗಡಿ ಮೀಟರಿಗೆ ಗೃಹಜ್ಯೋತಿ ಇಲ್ಲ.

ನೋಂದಣಿ ಆದಮೇಲೆ ಪಂಚಾಯಿತಿಯಲ್ಲಿ ಖಾತೆ, ಮೆಸ್ಕಾಂನಲ್ಲಿ ಆರ್‌ಆರ್ ನಂಬರು, ನಲ್ಲಿ ಸಂಪರ್ಕ ಮೂರನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಿಂದಿನವರ ಕಂದಾಯ, ನೀರಿನ ಬಾಕಿ ರಸೀದಿ ಕ್ರಯದ ದಿನವೇ ಕೈಗೆ ಬಂದರೆ ಆಮೇಲೆ ಓಡಾಟ ತಪ್ಪುತ್ತೆ.