ಮರದಲ್ಲಿ ನಾಟಿದ ಗುಂಡು

ಕೋವಿಯಿಂದ ಹೊರಟ ಗುಂಡಿನ ವೇಗವನ್ನು ಅಳೆಯುವುದು ಹೇಗೆ? ಕಣ್ಣಿಗೇ ಕಾಣದೆ ಹಾರುವ ವಸ್ತುವನ್ನು ಗಡಿಯಾರ ಹಿಡಿದು ಬೆನ್ನಟ್ಟಲಾದೀತೆ? ಈ ಪ್ರಶ್ನೆಗೆ ನಂಬಲರ್ಹವಾದ ಉತ್ತರ ಕೊಟ್ಟವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಬಾತ್ ಪಟ್ಟಣದಲ್ಲಿ 1707ರಲ್ಲಿ ಹುಟ್ಟಿದ ಇವನ ತಂದೆತಾಯಿಗಳು ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದವರು. ಮಗ 1742ರಲ್ಲಿ ಪ್ರಕಟಿಸಿದ್ದು ಫಿರಂಗಿ ವಿದ್ಯೆಯ ಗ್ರಂಥ!

ಅವನ ಉಪಕರಣ ಬಲು ಸರಳ. ಮುಖಕ್ಕೆ ದಪ್ಪ ಮರ ತೊಡಿಸಿದ ಭಾರವಾದ ಲೋಲಕವೊಂದನ್ನು ಮುಕ್ಕಾಲಿಯಿಂದ ತೂಗುಬಿಟ್ಟ. ಹಾರಿಸಿದ ಗುಂಡು ಮರದಲ್ಲಿ ನಾಟಿ ನಿಲ್ಲುತ್ತಿತ್ತು. ಲೋಲಕ ಹಿಂದಕ್ಕೆ ತೂಗುತ್ತಿತ್ತು. ಎಷ್ಟು ತೂಗಿತೆಂಬುದನ್ನು ಅದಕ್ಕೆ ಕಟ್ಟಿದ ರಿಬ್ಬನ್ನು ಹೇಳುತ್ತಿತ್ತು. ಅದರಿಂದ ಲೋಲಕದ ವೇಗ, ಲೋಲಕದ ವೇಗದಿಂದ ಗುಂಡಿನ ವೇಗ.

ಈ ಕೊನೆಯ ಹೆಜ್ಜೆಯಲ್ಲಿಯೇ ಸ್ವಾರಸ್ಯವಿರುವುದು. ಚಲಿಸುವ ವಸ್ತುವಿನ ‘ಬಲ’ವನ್ನು ಅಳೆಯುವುದು ಹೇಗೆಂದು ಯುರೋಪಿನ ಪಂಡಿತರಲ್ಲಿ ಆಗ ದೊಡ್ಡ ವಾದ ನಡೆದಿತ್ತು. ತೂಕವನ್ನು ವೇಗದಿಂದ ಗುಣಿಸಬೇಕೆಂದು ದೆಕಾರ್ತನ ಅನುಯಾಯಿಗಳು. ವೇಗದ ವರ್ಗದಿಂದ ಗುಣಿಸಬೇಕೆಂದು 1686ರಿಂದ ಲೈಬ್ನಿಟ್ಸ್. ಮೊದಲನೆಯದು, ದಿಕ್ಕನ್ನೂ ಸೇರಿಸಿಕೊಂಡು, ಇಂದು ನಾವು ಹೇಳುವ ಸಂವೇಗ. ಎರಡನೆಯದರಿಂದ ಬಂದದ್ದು ಚಲನಶಕ್ತಿ. ಡಿಕ್ಕಿ ಹೊಡೆದು ಪುಟಿಯದ ವಸ್ತುಗಳಿಗೆ ಮೊದಲನೆಯ ಲೆಕ್ಕವೇ ಸರಿಯೆಂದು ಜಾನ್ ವಾಲಿಸ್ 1668ರಲ್ಲೇ ತೋರಿಸಿದ್ದ. ನ್ಯೂಟನ್ನನ ಅಭಿಮಾನಿಯಾದ ರಾಬಿನ್ಸ್ ಹಿಡಿದದ್ದು ಅದೇ ದಾರಿ.

ಲೋಲಕವೂ ಗುಂಡೂ ಕೂಡಿ ಗುಂಡಿನ 600 ಪಟ್ಟು ತೂಗುತ್ತವೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 1,600 ಅಡಿ ವೇಗದ ಗುಂಡು ನಾಟಿದ ಮೇಲೆ ಎರಡೂ ಸೇರಿ ಸೆಕೆಂಡಿಗೆ ಮೂರು ಅಡಿಯೂ ಸಾಗವು. ಸಂವೇಗದಲ್ಲಿ ಕಿಂಚಿತ್ತೂ ನಷ್ಟವಿಲ್ಲ. ಚಲನಶಕ್ತಿಯಲ್ಲಿ ಮಾತ್ರ 600 ಪಾಲಿಗೆ 599 ಪಾಲು ಮಾಯ! ಶಕ್ತಿ ಉಳಿಯಿತೆಂದು ನಂಬಿ ಲೆಕ್ಕ ಹಾಕಿದ್ದರೆ ಗುಂಡಿನ ವೇಗ ಸುಮಾರು 65 ಅಡಿಯೆಂದು ಬರುತ್ತಿತ್ತು. ಅದು ಹುಡುಗರು ಎಸೆಯುವ ಕಲ್ಲಿನ ವೇಗ.

ರಾಬಿನ್ಸನ ಎಣಿಕೆಗೆ ಬಂದದ್ದು ಸೆಕೆಂಡಿಗೆ 1,600 ಅಡಿಗೂ ಮಿಕ್ಕ ವೇಗ. ಲೋಲಕವನ್ನು ದೂರ ದೂರದಲ್ಲಿಟ್ಟು ಅಳೆದಾಗ, ಗಾಳಿಯ ತಡೆ ಜನ ಭಾವಿಸಿದ್ದಕ್ಕಿಂತ ಬಹುಪಾಲು ಹೆಚ್ಚೆಂದೂ ತಿಳಿಯಿತು. ಆಯ್ಲರನಂಥ ಮಹಾಗಣಿತಜ್ಞ 1745ರಲ್ಲಿ ಈ ಗ್ರಂಥವನ್ನು ಜರ್ಮನ್ ಭಾಷೆಗೆ ತಂದು ಟೀಕೆ ಬರೆದ.

ಹಾಗಾದರೆ ಮಾಯವಾದ ಆ 599 ಪಾಲು ಹೋದದ್ದೆಲ್ಲಿಗೆ? ಮರವನ್ನು ಸೀಳಿ, ಸೀಸವನ್ನು ಜಜ್ಜಿ, ಬಹುಮಟ್ಟಿಗೆ ಶಾಖವಾಗಿ ಪರಿಣಮಿಸಿತು. ಇದನ್ನು ಅಳತೆಯಿಂದ ಸ್ಥಾಪಿಸಿದ್ದು 1840ರ ದಶಕದಲ್ಲಿ, ಇಳಿಯುವ ತೂಕಗಳಿಂದ ನೀರನ್ನು ಕಡೆದು ಬಿಸಿಮಾಡಿದ ಜೂಲ್. ರಾಬಿನ್ಸ್ ಅದನ್ನು ಕೇಳಲು ಬದುಕಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ದುರಸ್ತಿ ಮಾಡಿಸಲು 1750ರಲ್ಲಿ ಮದರಾಸಿಗೆ ಬಂದ ಅವನು, ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ನನಗೆ ದೊಡ್ಡದಾಗಿ ತೋರುವುದು ಅವನ ವಿವೇಕ. ಕಳೆದುಹೋದದ್ದರ ಜಾಡು ಅವನ ಕಾಲಕ್ಕೆ ತಿಳಿದಿರಲಿಲ್ಲ. ಕಳೆಯದೆ ಉಳಿಯುವುದು ಯಾವುದೆಂದು ಅವನಿಗೆ ತಿಳಿದಿತ್ತು. ಅಳತೆಗೆ ಅಷ್ಟು ಸಾಕಾಯಿತು.